ಅಫ್ಘಾನಿಸ್ತಾನಕ್ಕೂ ಹಾಂಗ್‌ಕಾಂಗ್‌ಗೂ ನಮ್ಮನ್ನು ಸೋಲಿಸಲು ಕಲಿಸಿದ ಬೆಂಗಳೂರಿನ ಹಳೆಯ ಕೋಚ್

ಪ್ರಶ್ನೆ: ನನಗೆ ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಎ ಡಿವಿಷನ್ ಕ್ಲಬ್ ಒಂದಕ್ಕೆ ಸ್ಟಾಪರ್ (ಡಿಫೆನ್ಸ್‌ನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್) ಆಗಿ ಆಡುತ್ತಿದ್ದೇನೆ. ಮಂಡಿ ನೋವು ಶುರುವಾಗಿದೆ, ಇನ್ನೆರಡು ಸೀಸನ್ ಆಡಿದರೆ ಹೆಚ್ಚು. ಕೋಚಿಂಗ್ ಕಡೆ ಹೋಗೋಣ ಅನ್ನಿಸುತ್ತಿದೆ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಕೋಚ್ ಆಗಿದ್ದ ಆ್ಯಶ್ಲಿ ವೆಸ್ಟ್‌ವುಡ್ ಅಂದರೆ ನನಗೆ ಅಚ್ಚುಮೆಚ್ಚು. ಅವರೂ ಡಿಫೆಂಡರ್, ಆಟಗಾರನಾಗಿ ದೊಡ್ಡ ಹೆಸರೇನೂ ಇಲ್ಲ. ಆದರೂ ಆಗ ದೇಶದ ಪ್ರಮುಖ ಲೀಗ್ ಆಗಿದ್ದ ಐ-ಲೀಗ್ ಅನ್ನು ಎರಡು ಸಲ ಗೆಲ್ಲಿಸಿದರು, ಆಮೇಲೆ ಬೇರೆ ದೇಶಗಳ ಕೋಚ್ ಆಗಿ ಭಾರತವನ್ನೇ ಸೋಲಿಸಿದರು. ಡಿಫೆಂಡರ್‌ಗಳೇ ಒಳ್ಳೆಯ ಕೋಚ್ ಆಗುತ್ತಾರೆ ಅನ್ನುವುದು ನಿಜವೇ? ಅವರ ದಾರಿಯಲ್ಲಿ ನನ್ನಂಥವನಿಗೆ ಕಲಿಯಲು ಏನಿದೆ?

ಉತ್ತರ: ಡಿಫೆಂಡರ್‌ಗಳೇ ಒಳ್ಳೆಯ ಕೋಚ್ ಆಗುತ್ತಾರೆ ಅನ್ನುವ ಮಾತನ್ನು ಮೊದಲು ಬದಿಗಿಡಿ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತ–ಅಫ್ಘಾನಿಸ್ತಾನ ವಿಶ್ವಕಪ್ ಅರ್ಹತಾ ಪಂದ್ಯ ನಡೆದಾಗ ಎರಡೂ ಕಡೆ ಗೆರೆಯ ಪಕ್ಕ ನಿಂತಿದ್ದವರು ಮಾಜಿ ಸೆಂಟರ್ ಬ್ಯಾಕ್‌ಗಳೇ. ನಮ್ಮ ಕಡೆ ಇಗೊರ್ ಸ್ಟಿಮಾಚ್. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷ್ಯಾ ತಂಡದ ಡಿಫೆಂಡರ್, ಡರ್ಬಿ ಕೌಂಟಿಗೂ ವೆಸ್ಟ್ ಹ್ಯಾಮ್‌ಗೂ ಪ್ರೀಮಿಯರ್ ಲೀಗ್ ಆಡಿದವರು. ಆ ಕಡೆ ವೆಸ್ಟ್‌ವುಡ್. ಪ್ರೀಮಿಯರ್ ಲೀಗ್‌ನಲ್ಲಿ ಅವರು ಆಡಿದ್ದು ಬೆರಳೆಣಿಕೆಯ ಪಂದ್ಯ. ಅಫ್ಘಾನಿಸ್ತಾನದ ಹಲವು ಪ್ರಮುಖ ಆಟಗಾರರು ತಮ್ಮ ಫೆಡರೇಷನ್ ಜೊತೆ ಜಗಳ ಮಾಡಿಕೊಂಡು ಆಡಲು ಬಂದಿರಲೇ ಇಲ್ಲ. ಫಿಫಾ ರ‍್ಯಾಂಕಿಂಗ್‌ನಲ್ಲಿ ಅವರು 158, ನಾವು 117. ಸುನಿಲ್ ಚೆಟ್ರಿ ತಮ್ಮ 150ನೇ ಪಂದ್ಯದಲ್ಲಿ 38ನೇ ನಿಮಿಷಕ್ಕೆ ಪೆನಾಲ್ಟಿ ಹೊಡೆದು ಮುನ್ನಡೆ ಕೊಟ್ಟಿದ್ದರು. ಕೊನೆಗೆ 2-1ರಿಂದ ಗೆದ್ದದ್ದು ಅಫ್ಘಾನಿಸ್ತಾನ. 70ನೇ ನಿಮಿಷದಲ್ಲಿ ರಹಮತ್ ಅಕ್ಬರಿ, 88ರಲ್ಲಿ ಶರೀಫ್ ಮುಖಮ್ಮದ್ ಅವರ ಪೆನಾಲ್ಟಿ. ಆಡುತ್ತಿದ್ದ ಜಾಗವೇ ಕೋಚ್‌ನ ಹಣೆಬರಹ ಬರೆಯುವುದಾದರೆ ಆ ರಾತ್ರಿ ಇಬ್ಬರಿಗೂ ಒಂದೇ ಹಣೆಬರಹ ಇರಬೇಕಿತ್ತು. ಆಟಗಾರನಾಗಿ ಗಳಿಸಿದ ಹೆಸರು ಬರೆಯುವುದಾದರೆ ನಾವು ಗೆಲ್ಲಬೇಕಿತ್ತು.

ಹಾಗಂತ ಸ್ಟಿಮಾಚ್ ಕೆಟ್ಟ ಕೋಚ್ ಎಂದು ನಾನು ಹೇಳುತ್ತಿಲ್ಲ. ದಕ್ಷಿಣ ಏಷ್ಯಾ ದೇಶಗಳ ನಡುವಿನ ಸ್ಯಾಫ್ ಕಪ್ 2021 ಮತ್ತು 2023ರಲ್ಲಿ ಅವರ ಕಾಲದಲ್ಲೇ ಬಂದದ್ದು. ನಾನು ಹೇಳುವುದಿಷ್ಟೆ: ವೆಸ್ಟ್‌ವುಡ್ ಯಾಕೆ ಒಳ್ಳೆಯ ಕೋಚ್ ಆದರು ಎಂದು ತಿಳಿಯಬೇಕಾದರೆ ಅವರು ಡಿಫೆಂಡರ್ ಆಗಿದ್ದರು ಅನ್ನುವುದಕ್ಕಿಂತ ಎಂಥ ಕ್ಲಬ್‌ಗಳಲ್ಲಿ, ಎಂಥ ಸ್ಥಿತಿಯಲ್ಲಿ ಡಿಫೆಂಡರ್ ಆಗಿದ್ದರು ಅನ್ನುವುದನ್ನು ನೋಡಬೇಕು.

ಒಂದು ಎಚ್ಚರಿಕೆ. ಇದೇ ಹೆಸರಿನ ಇನ್ನೊಬ್ಬ ಇಂಗ್ಲಿಷ್ ಆಟಗಾರ ಇದ್ದಾರೆ. ಅವರು ಮಿಡ್‌ಫೀಲ್ಡರ್, ಆ್ಯಸ್ಟನ್ ವಿಲ್ಲಾ ಮತ್ತು ಬರ್ನ್‌ಲಿಗೆ ಆಡಿದವರು, ಅವರೂ ಕ್ರೂ ಅಲೆಕ್ಸಾಂಡ್ರಾ ಕ್ಲಬ್‌ನಿಂದಲೇ ಮೇಲೆ ಬಂದವರು. ಹುಡುಕುವಾಗ ಇಬ್ಬರ ಅಂಕಿಅಂಶ ಕಲಸಿಹೋಗುತ್ತದೆ. ನಮ್ಮವರು 1976ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರಿಜ್‌ನಾರ್ಥ್‌ನಲ್ಲಿ ಹುಟ್ಟಿದವರು.

ಅವರ ಆರಂಭ ಭರ್ಜರಿಯಾಗಿಯೇ ಇತ್ತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿದ್ದು 1995ರ ಎಫ್‌ಎ ಯೂತ್ ಕಪ್ ಗೆದ್ದರು. ಫಿಲ್ ನೆವಿಲ್ ಆ ತಂಡದಲ್ಲಿದ್ದರು. ನೆವಿಲ್ ಸೀನಿಯರ್ ತಂಡ ಸೇರಿದರು, ವೆಸ್ಟ್‌ವುಡ್‌ಗೆ ಅಲ್ಲಿ ಜಾಗ ಸಿಗಲಿಲ್ಲ. ಅದೇ ವರ್ಷ ಕ್ರೂಗೆ ಹೋದರು. ಈ ಇಳಿತ ಅವರ ಬದುಕಿನಲ್ಲಿ ಆದ ಒಳ್ಳೆಯ ಸಂಗತಿಗಳಲ್ಲಿ ಒಂದು ಎಂದೇ ನನ್ನ ನಂಬಿಕೆ. ಕ್ರೂ ಚಿಕ್ಕ ಊರಿನ ಚಿಕ್ಕ ಕ್ಲಬ್. ಆಗ ಅಲ್ಲಿ ಮ್ಯಾನೇಜರ್ ಆಗಿದ್ದ ಡಾರಿಯೊ ಗ್ರಾಡಿ, ಬೇರೆಯವರು ಕೈಬಿಟ್ಟ ಹುಡುಗರನ್ನು ತಿದ್ದಿ ಬೆಳೆಸುವುದರಲ್ಲಿ ಇಂಗ್ಲೆಂಡಿಗೇ ಹೆಸರಾದವರು. 1997ರಲ್ಲಿ ವೆಂಬ್ಲಿಯಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ 1-0ರಿಂದ ಪ್ಲೇಆಫ್ ಫೈನಲ್ ಗೆದ್ದು ಕ್ರೂ ಮೇಲಿನ ಡಿವಿಷನ್‌ಗೆ ಬಡ್ತಿ ಪಡೆಯಿತು.

1998ರಲ್ಲಿ ಬ್ರಾಡ್‌ಫರ್ಡ್ ಸಿಟಿ. ಪಾಲ್ ಜುವೆಲ್ ಮ್ಯಾನೇಜರ್ ಆಗಿದ್ದ ಆ ತಂಡ 77 ವರ್ಷಗಳ ನಂತರ ಇಂಗ್ಲೆಂಡಿನ ಮೊದಲ ದರ್ಜೆಗೆ ಮರಳಿತು. ವೆಸ್ಟ್‌ವುಡ್ ಪ್ರೀಮಿಯರ್ ಲೀಗ್ ಮೈದಾನ ಕಂಡದ್ದು ಅಲ್ಲಿಯೇ, ಅದೂ ಸ್ವಲ್ಪ ಕಾಲ. 2000ದಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇಗೆ ಹೋದರು. ಪ್ರೀಮಿಯರ್ ಲೀಗ್‌ನಿಂದ ಆಗಷ್ಟೇ ಕೆಳಗಿಳಿದಿದ್ದ, ಸಾಲದಲ್ಲಿ ಮುಳುಗಿದ್ದ ದೊಡ್ಡ ಕ್ಲಬ್ ಅದು. 2003ರಲ್ಲಿ ಇನ್ನೊಂದು ಮೆಟ್ಟಿಲು ಇಳಿಯಿತು. ಆಮೇಲೆ ನಾರ್ಥಾಂಪ್ಟನ್, ಚೆಸ್ಟರ್, ಸ್ವಿಂಡನ್, ಪೋರ್ಟ್ ವೇಲ್, ಸ್ಟೀವನೇಜ್... ಲೀಗ್ ವ್ಯವಸ್ಥೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ.

ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಬೇಸರದ ವೃತ್ತಿಜೀವನ ಅನ್ನಿಸಬಹುದು. ಕೋಚ್ ಆಗಬೇಕೆಂದಿರುವ ನಿಮ್ಮ ಕಣ್ಣಲ್ಲಿ ಓದಿ. ಬಡ್ತಿ ಪಡೆದ ತಂಡದ ಡ್ರೆಸ್ಸಿಂಗ್ ರೂಮ್ ಹೇಗಿರುತ್ತದೆ, ಕೆಳಗಿಳಿಯುತ್ತಿರುವ ತಂಡದ್ದು ಹೇಗಿರುತ್ತದೆ, ಎರಡನ್ನೂ ಒಳಗಿದ್ದು ಕಂಡವರು. ಕಾಲಲ್ಲಿ ಅಷ್ಟೇನೂ ಕಲೆ ಇಲ್ಲದ ಹನ್ನೊಂದು ಜನ ಸೇರಿ ತಮಗಿಂತ ಮೇಲಿನವರನ್ನು 0-0ಗೆ ಹಿಡಿದಿಡುವುದು ಹೇಗೆ ಅನ್ನುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಮ್ಯಾನೇಜರ್‌ಗಳು ಬದಲಾಗುತ್ತಲೇ ಇದ್ದರು. ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಟ್ಟಿರುತ್ತಾರೆ, ಯಾರ ಮಾತು ಆಟಗಾರರ ತಲೆಗೆ ಹೋಯಿತು, ಯಾರದ್ದು ಹೋಗಲಿಲ್ಲ ಎಂದು ಅವರು ನೋಡಿರುತ್ತಾರೆ. ಉತ್ತಮ ಕ್ಲಬ್‌ನಲ್ಲಿ ಹತ್ತು ವರ್ಷ ಒಬ್ಬನೇ ಮ್ಯಾನೇಜರ್ ಕೈಕೆಳಗೆ ಆಡಿದವನಿಗೆ ಈ ಪಾಠ ಸಿಗುವುದಿಲ್ಲ.

ಬೂಟು ಕಳಚಿದ ಮೇಲಿನ ಮೊದಲ ವರ್ಷವೂ ಸುಲಭದ್ದಲ್ಲ. ಗೆಳೆಯ ಮೈಕಲ್ ಆ್ಯಪಲ್‌ಟನ್ ಮ್ಯಾನೇಜರ್ ಆಗಿದ್ದ ಕಡೆಯೆಲ್ಲ ಸಹಾಯಕರಾಗಿ ಹೋದರು: ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್. ಪೋರ್ಟ್ಸ್‌ಮತ್ ಆಗ ದಿವಾಳಿಯ ಅಂಚಿನಲ್ಲಿತ್ತು. ಬ್ಲ್ಯಾಕ್‌ಬರ್ನ್‌ನಲ್ಲಿ ಆ್ಯಪಲ್‌ಟನ್ ಉಳಿದದ್ದು 67 ದಿನ. 2013ರ ಮಾರ್ಚ್‌ನಲ್ಲಿ ಇಡೀ ಬಳಗ ಮನೆಗೆ. ಅದೇ ಜುಲೈನಲ್ಲಿ, 36ನೇ ವಯಸ್ಸಿನಲ್ಲಿ, ಇನ್ನೂ ಒಂದೂ ಪಂದ್ಯ ಆಡದ ಬೆಂಗಳೂರು ಎಫ್‌ಸಿಗೆ ವೆಸ್ಟ್‌ವುಡ್ ಕೋಚ್ ಆದರು.

ನೀವು ನೋಡಬೇಕಾದ ಭಾಗ ಇಲ್ಲಿಂದ ಶುರುವಾಗುತ್ತದೆ. ಆಗ ಐ-ಲೀಗ್ ಕ್ಲಬ್‌ಗಳಿಗೆ ನಾಲ್ಕು ವಿದೇಶಿಯರಿಗೆ ಅವಕಾಶ, ಅದರಲ್ಲಿ ಒಬ್ಬ ಏಷ್ಯಾ ಕೋಟಾದವ. ಆ ಕಾಲದಲ್ಲಿ ಕ್ಲಬ್‌ಗಳ ರೂಢಿ ವಿದೇಶಿ ದುಡ್ಡನ್ನು ಗೋಲು ಹೊಡೆಯುವವರ ಮೇಲೆ ಸುರಿಯುವುದಾಗಿತ್ತು. ವೆಸ್ಟ್‌ವುಡ್ ಎರಡು ಜಾಗವನ್ನು ಸೆಂಟರ್ ಬ್ಯಾಕ್‌ಗಳಿಗೇ ಕೊಟ್ಟರು: ಕೆನ್ಯಾದ ಕರ್ಟಿಸ್ ಒಸಾನೊ, ಇಂಗ್ಲೆಂಡಿನ ಜಾನ್ ಜಾನ್ಸನ್. ಮುಂಪಂಕ್ತಿಯಲ್ಲಿ ಆಸ್ಟ್ರೇಲಿಯಾದ ಶಾನ್ ರೂನಿ ಇದ್ದರೂ ಗೋಲಿನ ಹೊಣೆ ಬಹುಪಾಲು ಚೆಟ್ರಿ, ರಾಬಿನ್ ಸಿಂಗ್ ಹೆಗಲಿಗೆ ಬಿತ್ತು. ಭಾರತೀಯ ಸ್ಟ್ರೈಕರ್‌ಗಳನ್ನು ನಂಬಿ, ಹಿಂದಿನ ಗೋಡೆಯನ್ನು ದುಡ್ಡು ಕೊಟ್ಟು ಕಟ್ಟುವುದು ಆಗ ಧೈರ್ಯದ ಲೆಕ್ಕಾಚಾರ. ಡಿಫೆಂಡರ್ ಆಗಿದ್ದ ಮನುಷ್ಯ ಮಾತ್ರ ಹೀಗೆ ಯೋಚಿಸುತ್ತಾನೆ ಎನ್ನಲಾರೆ. ಆದರೆ ಕ್ರೂ, ನಾರ್ಥಾಂಪ್ಟನ್‌ನಂಥ ಕಡೆ ಆಡಿದವನಿಗೆ ಗೋಲು ಬಿಟ್ಟುಕೊಡದ ತಂಡ ಎಂದೂ ತೀರಾ ಕೆಳಗೆ ಬೀಳುವುದಿಲ್ಲ ಅನ್ನುವುದು ಮೈಯಲ್ಲೇ ಇಳಿದಿರುತ್ತದೆ.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ 2013ರ ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಮೋಹನ್ ಬಾಗಾನ್ ವಿರುದ್ಧ 1-1. 2014ರ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ಮೊದಲ ಸೀಸನ್‌ನಲ್ಲೇ ಚಾಂಪಿಯನ್. 2015ರ ಜನವರಿಯಲ್ಲಿ ಮತ್ತೆ ಡೆಂಪೊ ಮೇಲೆ 2-1ರಿಂದ ಗೆದ್ದು ಫೆಡರೇಷನ್ ಕಪ್. 2016ರ ಏಪ್ರಿಲ್ 17ರಂದು ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0, ಎರಡನೇ ಐ-ಲೀಗ್. ನಡುವಿನ ವರ್ಷದ ಒಂದು ಪಂದ್ಯವನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ.

2015ರ ಮೇ 31, ಕಂಠೀರವ, ಸೀಸನ್‌ನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಗೆದ್ದರೆ ಪ್ರಶಸ್ತಿ ಬಿಎಫ್‌ಸಿಗೆ, ಡ್ರಾ ಆದರೆ ಬಾಗಾನ್‌ಗೆ. 41ನೇ ನಿಮಿಷದಲ್ಲಿ ಯೂಜೀನ್‌ಸನ್ ಲಿಂಗ್ಡೊ ಹೊಡೆದ ಕಾರ್ನರ್‌ಗೆ ಜಾನ್ಸನ್ ತಲೆ ಕೊಟ್ಟರು, 1-0. ಸೆಟ್ ಪೀಸ್‌ಗೆ (ಕಾರ್ನರ್, ಫ್ರೀಕಿಕ್‌ಗಳಿಗೆ) ಬೆವರು ಸುರಿಸುತ್ತಿದ್ದ ತಂಡದ ಗೋಲು ಅದು. 87ನೇ ನಿಮಿಷದಲ್ಲಿ ಆ ಕಡೆ ಸೋನಿ ನೋರ್ಡೆ ಕಾರ್ನರ್, ಬೆಲ್ಲೊ ರಜಾಕ್ ಹೆಡರ್, 1-1. ಪ್ರಶಸ್ತಿ ಕೋಲ್ಕತ್ತಕ್ಕೆ. ಎರಡೂ ಗೋಲು ಕಾರ್ನರ್‌ನಿಂದ, ಎರಡನ್ನೂ ಹೊಡೆದವರು ಸೆಂಟರ್ ಬ್ಯಾಕ್‌ಗಳು.

ನೀವು ಸ್ಟಾಪರ್ ಆದ್ದರಿಂದ ಕೇಳುತ್ತೇನೆ: 87ನೇ ನಿಮಿಷದ ಕಾರ್ನರ್‌ನಲ್ಲಿ ನೀವು ಏನು ಮಾಡುತ್ತೀರಿ? ನಿಮ್ಮ ಆಳನ್ನು ಹಿಡಿಯುತ್ತೀರಿ, ಅವನಿಗೂ ಗೋಲಿಗೂ ನಡುವೆ ನಿಲ್ಲುತ್ತೀರಿ, ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕೈ ಅವನ ಮೈಗೆ ತಾಗಿಸಿ. ಚೆಂಡು ಮೇಲೇಳುವ ಮೊದಲೇ ಅವನ ಮೊದಲ ಹೆಜ್ಜೆ ಯಾವ ಕಡೆ ಎಂದು ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಹೇಳಲು ಬಾರದು. ಆಟಗಾರ ಕೋಚ್ ಆಗುವಾಗ ಎಡವುವುದು ಇಲ್ಲೇ. ಮೈಗೆ ಗೊತ್ತಿರುವುದನ್ನು ಮಾತಿಗೆ ಇಳಿಸಬೇಕು. ಅದೂ ಆಗಿಹೋದ ಮೇಲೆ ‘ಅಲ್ಲಿ ನಿಂತಿರಬೇಕಿತ್ತು’ ಎಂದಲ್ಲ, ಆಗುವ ಮೊದಲು. ಅದೂ ನಿಮ್ಮಷ್ಟು ವೇಗವಾಗಿ ಆಟ ಓದಲಾರದ ಹತ್ತೊಂಬತ್ತರ ಹುಡುಗನಿಗೆ ಅರ್ಥವಾಗುವ ಹಾಗೆ.

ಡಿಫೆನ್ಸ್‌ನ ಸಾಲನ್ನೇ ತಗೊಳ್ಳಿ. ಎದುರಾಳಿಯ ಕಾಲಲ್ಲಿ ಚೆಂಡಿದೆ, ಅವನ ಮೇಲೆ ಒತ್ತಡವಿಲ್ಲ, ತಲೆ ಎತ್ತಿ ನೋಡುತ್ತಿದ್ದಾನೆ ಅಂದರೆ ನಾಲ್ವರೂ ಹಿಂದೆ ಸರಿಯಬೇಕು, ಲಾಂಗ್ ಬಾಲ್ ಬಂದೇ ಬರುತ್ತದೆ. ಅವನು ಚೆಂಡನ್ನು ಹಿಂದಕ್ಕೆ ಪಾಸ್ ಮಾಡಿದನೋ, ಆ ಚೆಂಡು ಉರುಳುತ್ತಿರುವ ಕ್ಷಣದಲ್ಲೇ ನಾಲ್ವರೂ ಒಟ್ಟಿಗೆ ಮುಂದೆ ಬರಬೇಕು. ಚೆಂಡು ಎಡಕ್ಕೆ ಹೋದರೆ ಬಲಗಡೆಯ ಬ್ಯಾಕ್ ತನ್ನ ವಿಂಗರ್‌ನನ್ನು ಬಿಟ್ಟು ಒಳಗೆ ಬರಬೇಕು. ಹುಡುಗರಿಗೆ ಇದು ಭಯ, ‘ನನ್ನ ಆಳು ಖಾಲಿ ಬಿದ್ದ’ ಅನ್ನುತ್ತಾರೆ. ಆ ಖಾಲಿ ಬಿದ್ದವನ ತನಕ ಚೆಂಡು ಗಾಳಿಯಲ್ಲಿ ಹೋಗುವಷ್ಟರಲ್ಲಿ ನೀನು ವಾಪಸ್ ತಲುಪುತ್ತೀಯ ಎಂದು ಓಡಿಸಿ ತೋರಿಸಬೇಕು. ಎದುರಾಳಿ ಇಲ್ಲದೆ ಬರೀ ನಾಲ್ವರನ್ನು ನಿಲ್ಲಿಸಿ, ನೀವು ಚೆಂಡು ಹಿಡಿದು ನಡೆದಾಡುತ್ತ ಇದನ್ನು ಮಾಡಿಸಿ. ಇದು ಆಟಗಾರರಿಗೆ ಬೋರು ಹೊಡೆಸುವ ಕೆಲಸ. ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ತಡ ಮಾಡಿದರೂ ಆಫ್‌ಸೈಡ್ ಗೆರೆ ಮುರಿಯುತ್ತದೆ, ಆದ್ದರಿಂದ ನೂರು ಸಲ ಮಾಡಿಸಲೇಬೇಕು. ವೆಸ್ಟ್‌ವುಡ್ ಅವರ ತಂಡಗಳನ್ನು ನೋಡಿದಾಗ ನನಗೆ ಕಾಣುವುದು ಈ ನೂರು ಸಲದ ಫಲ. ಅಫ್ಘಾನಿಸ್ತಾನದ ಆಟಗಾರರ ಜೊತೆ ಅವರಿಗೆ ಸಿಕ್ಕ ತರಬೇತಿಯ ದಿನಗಳು ಕಡಿಮೆ. ಆದರೂ ಗುವಾಹಟಿಗೆ ಐದು ದಿನ ಮೊದಲು ಸೌದಿ ಅರೇಬಿಯಾದ ಅಭಾದಲ್ಲಿ ಭಾರತವನ್ನು 0-0ಗೆ ಹಿಡಿದಿದ್ದರು. ಮೊದಲು ಬಾಗಿಲು ಹಾಕಿಕೊಳ್ಳುವುದು, ಗೋಲಿನ ಯೋಚನೆ ಆಮೇಲೆ.

ನಮ್ಮಲ್ಲೂ ಈ ಪರಂಪರೆ ಇದೆ, ಮರೆಯಬೇಡಿ. ಹೈದರಾಬಾದಿನ ಸೈಯದ್ ನಯೀಮುದ್ದೀನ್ 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ನಾಯಕ, ಡಿಫೆಂಡರ್. ಕೋಚ್ ಆಗಿ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಭಾರತ, ಬಾಂಗ್ಲಾದೇಶ ತಂಡಗಳನ್ನು ನಡೆಸಿದರು. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಮೊದಲು ಬಂತು, ಆಟಗಾರನಿಗೆ ಸಲ್ಲುವ ಅರ್ಜುನ ಪ್ರಶಸ್ತಿ ಬಂದದ್ದು ಆಮೇಲೆ, 1997ರಲ್ಲಿ. ಶಿಸ್ತು, ದೇಹದಾರ್ಢ್ಯ ಅಂದರೆ ಅವರು ರಾಜಿಯೇ ಇಲ್ಲದ ಮನುಷ್ಯ. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಡಿಫೆಂಡರ್ ಅರುಣ್ ಘೋಷ್ ಕೂಡ ಮುಂದೆ ಭಾರತದ ಕೋಚ್ ಆದರು. ಬಿಎಫ್‌ಸಿಯಲ್ಲೇ ಸ್ವಲ್ಪ ಕಾಲ ಹೊಣೆ ಹೊತ್ತ ನೌಷಾದ್ ಮೂಸಾ ಅವರೂ ಡಿಫೆಂಡರ್ ಆಗಿದ್ದವರೇ. ಹೊರಗಡೆ ನೋಡಿದರೆ ಸ್ಟ್ರೈಕರ್ ಆಗಿ ಶುರುಮಾಡಿ ಡಿಫೆನ್ಸ್‌ಗೆ ಸರಿದ ಯುರ್ಗೆನ್ ಕ್ಲಾಪ್ 2001ರಲ್ಲಿ ಮೈನ್ಜ್ ಕ್ಲಬ್‌ನಲ್ಲಿ ಆಟಗಾರನ ಜಾಗದಿಂದ ಎದ್ದು ನೇರವಾಗಿ ಕೋಚ್ ಕುರ್ಚಿಗೆ ಹೋದರು. ಅತ್ತ ಅಲೆಕ್ಸ್ ಫರ್ಗ್ಯೂಸನ್ ಸ್ಟ್ರೈಕರ್, ಗ್ವಾರ್ಡಿಯೊಲಾ ಮಿಡ್‌ಫೀಲ್ಡರ್. ಸೆಂಟರ್ ಬ್ಯಾಕ್‌ಗೆ ಇರುವ ಅನುಕೂಲ ಒಂದೇ: ಇಡೀ ಆಟ ಅವನ ಕಣ್ಣೆದುರೇ ನಡೆಯುತ್ತದೆ, ಮುಂದಿರುವ ಒಂಬತ್ತು ಜನರಿಗೆ ಕೂಗಿ ಹೇಳುವುದೂ ಅವನ ಕೆಲಸವೇ. ಆ ಅನುಕೂಲವನ್ನು ಬಳಸಿಕೊಳ್ಳದವರೇ ಹೆಚ್ಚು.

ವೆಸ್ಟ್‌ವುಡ್ ಅಭಿಮಾನಿಯಾದ ನಿಮಗೆ ಅವರ ಸೋಲುಗಳನ್ನೂ ಹೇಳಬೇಕು. 2016ರಲ್ಲಿ ಬೆಂಗಳೂರು ಬಿಟ್ಟ ಮೇಲೆ ಮಲೇಷ್ಯಾದ ಪೆನಾಂಗ್‌ಗೆ ಹೋದರು. 2017ರ ಸೀಸನ್ ಮುಗಿಯುವ ಮೊದಲೇ ಹೊರಬಂದರು. 2018ರ ಜನವರಿಯಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಅವರನ್ನು ತೆಗೆದ ಮೇಲೆ ಕೋಲ್ಕತ್ತದ ಎಟಿಕೆ ತಂಡವನ್ನು ಸೀಸನ್ ಮಧ್ಯೆ ಕೈಗೆತ್ತಿಕೊಂಡರು. ಎಟಿಕೆ ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿ ಮುಗಿಸಿತು. ಅಷ್ಟರೊಳಗೆ ಅವರ ಜಾಗಕ್ಕೆ ರಾಬಿ ಕೀನ್ ಬಂದಿದ್ದರು. ರೌಂಡ್‌ಗ್ಲಾಸ್ ಪಂಜಾಬ್‌ಗೆ 2021-22ರಲ್ಲಿ ಐ-ಲೀಗ್ ಆಡಿಸಿದರು, ಪ್ರಶಸ್ತಿ ಬರಲಿಲ್ಲ. ಬೆಂಗಳೂರಿನಲ್ಲಿ ಅವರಿಗೆ ಆಟಗಾರರನ್ನು ತಾನೇ ಆರಿಸುವ ಅವಕಾಶವಿತ್ತು, ಸೀಸನ್‌ಗೆ ಮೊದಲು ತಯಾರಿಯ ಸಮಯವಿತ್ತು, ಮಾತು ಕೇಳುವ ಆಡಳಿತವಿತ್ತು, ಚೆಟ್ರಿಯಂಥ ನಾಯಕನಿದ್ದ. ಬೇರೆಯವರು ಕಟ್ಟಿದ ತಂಡ ಅರ್ಧ ದಾರಿಯಲ್ಲಿ ಕೈಗೆ ಸಿಕ್ಕಾಗ ಅದೇ ವೆಸ್ಟ್‌ವುಡ್, ಅದೇ ವಿದ್ಯೆ, ಫಲ ಬೇರೆ. ಅವರ ಆಟದ ಮಿತಿಯೂ ಒಂದಿದೆ. ಅವರ ನಂತರ ಬಂದ ಆಲ್ಬರ್ಟ್ ರೋಕಾ 2016ರಲ್ಲೇ ಬಿಎಫ್‌ಸಿಯನ್ನು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತನಕ ಒಯ್ದರು. ಗೋಡೆ ವೆಸ್ಟ್‌ವುಡ್ ಕಟ್ಟಿದ್ದೇ, ಆದರೆ ಚೆಂಡನ್ನು ತಾಳ್ಮೆಯಿಂದ ಕಾಲಲ್ಲಿ ಇಟ್ಟುಕೊಳ್ಳುವುದನ್ನು ಆ ತಂಡಕ್ಕೆ ಕಲಿಸಿದವರು ರೋಕಾ.

ಹಾಂಗ್‌ಕಾಂಗ್‌ನಲ್ಲಿ ಎರಡು ಮುಖವೂ ಕಂಡವು. 2024ರ ಆಗಸ್ಟ್‌ನಲ್ಲಿ ಆ ತಂಡಕ್ಕೆ ಕೋಚ್ ಆದರು. 2025ರ ಜೂನ್ 10ರಂದು ಹೊಸ ಕೈ ಟಾಕ್ ಸ್ಟೇಡಿಯಂನಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಇಂಜುರಿ ಟೈಮ್‌ನ ಪೆನಾಲ್ಟಿಯಿಂದ ಭಾರತವನ್ನು 1-0ರಿಂದ ಸೋಲಿಸಿದರು. ಹೊಡೆದವರು ಸ್ಟೆಫಾನ್ ಪೆರೇರಾ. ಅದೇ ಮೈದಾನದಲ್ಲಿ ನವೆಂಬರ್ 18ರಂದು ಸಿಂಗಪುರ ವಿರುದ್ಧ ಮುನ್ನಡೆ ಪಡೆದಿದ್ದೂ ದ್ವಿತೀಯಾರ್ಧದಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತರು. ಏಷ್ಯಾ ಕಪ್ ಟಿಕೆಟ್ ಸಿಂಗಪುರಕ್ಕೆ ಹೋಯಿತು. ಗುವಾಹಟಿಯಲ್ಲಿ ನಮಗೆ ಆದದ್ದೇ ಅಲ್ಲಿ ಅವರಿಗೆ ಆಯಿತು.

ಇನ್ನು ನಿಮ್ಮ ವಿಷಯ. ಭಾರತದ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಕೋಚಿಂಗ್ ಲೈಸೆನ್ಸ್‌ಗಳ ಕೆಳಗಿನ ಮೆಟ್ಟಿಲು ಇ ಮತ್ತು ಡಿ. ಅದಾದ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಪ್ರತಿ ಮೆಟ್ಟಿಲಿನ ನಡುವೆ ನಿಜವಾದ ತಂಡದ ಜೊತೆ ಕೆಲಸ ಮಾಡಿದ ಅನುಭವ ಕೇಳುತ್ತಾರೆ, ಆದ್ದರಿಂದ ವರ್ಷಗಳೇ ಹಿಡಿಯುತ್ತವೆ. ಇನ್ನೆರಡು ಸೀಸನ್ ಆಡುತ್ತೀರಿ ಅಂದಿರಲ್ಲ, ಆ ಎರಡು ಸೀಸನ್ ಕಾಯುವುದು ಬೇಡ. ಡಿ ಕೋರ್ಸ್ ಯಾವಾಗ ನಡೆಯುತ್ತದೆ ಎಂದು ರಾಜ್ಯ ಸಂಸ್ಥೆಯಲ್ಲಿ ಈಗಲೇ ವಿಚಾರಿಸಿ, ನಿಮ್ಮ ಕ್ಲಬ್ಬಿನ ಅಥವಾ ಏರಿಯಾದ ಯಾವುದಾದರೂ ಹದಿಮೂರು ವರ್ಷದೊಳಗಿನ ಮಕ್ಕಳ ತಂಡಕ್ಕೆ ಸಹಾಯಕರಾಗಿ ಸೇರಿಕೊಳ್ಳಿ. ಮಕ್ಕಳಿಗೆ ಡಿಫೆನ್ಸ್ ಸಾಲು ಹೇಳಿಕೊಡಲು ಹೋಗಬೇಡಿ, ಅವರು ಚೆಂಡಿನ ಜೊತೆ ಆಡಲಿ. ಅಲ್ಲಿ ನೀವು ಕಲಿಯಬೇಕಾದದ್ದು ಒಂದು ಮಾತನ್ನು ಮೂರು ರೀತಿ ಹೇಳುವುದು.

ನೀವು ಆಡುವ ಪಂದ್ಯಗಳಲ್ಲೂ ಒಂದು ಕೆಲಸವಿದೆ. ಪಂದ್ಯ ಮುಗಿದ ರಾತ್ರಿ, ನಿಮ್ಮ ತಂಡ ಬಿಟ್ಟುಕೊಟ್ಟ ಪ್ರತಿ ಗೋಲನ್ನೂ ಹಿಂದಕ್ಕೆ ಓಡಿಸಿ ಬರೆಯಿರಿ. ಕೊನೆಯ ಹೆಡರ್ ತಪ್ಪಿಸಿದವನ ಹೆಸರಿಗೆ ನಿಲ್ಲಬೇಡಿ. ಆ ಕ್ರಾಸ್ ಹೊಡೆಯಲು ಬಿಟ್ಟವರು ಯಾರು, ಅದಕ್ಕೂ ಮೊದಲು ಮಿಡ್‌ಫೀಲ್ಡ್‌ನಲ್ಲಿ ಸೆಕೆಂಡ್ ಬಾಲ್ (ಮೊದಲ ಪೈಪೋಟಿಯಲ್ಲಿ ಚಿಮ್ಮಿದ ಚೆಂಡು) ಕಳೆದುಕೊಂಡದ್ದು ಎಲ್ಲಿ, ಆ ಹೊತ್ತಿಗೆ ನೀವು ಏನು ಕೂಗಿ ಹೇಳಬಹುದಿತ್ತು. ಒಂದು ಸೀಸನ್ ಹೀಗೆ ಬರೆದರೆ ಡಿ ಕೋರ್ಸ್‌ನ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೈದಾನದ ಮಧ್ಯೆ ನಿಂತು ‘ಸ್ಟಾಪ್’ ಎಂದು ಆಟ ನಿಲ್ಲಿಸಿದಾಗ ಮುಂದೆ ಏನು ಹೇಳಬೇಕೆಂದು ತಡಕಾಡುವುದಿಲ್ಲ. ಮಂಡಿಯನ್ನು ಮಾತ್ರ ಈ ತಿಂಗಳೇ ಮೂಳೆ ವೈದ್ಯರಿಗೆ ತೋರಿಸಿ, ಕೋಚ್ ಆದ ಮೇಲೂ ಡ್ರಿಲ್ ಮಾಡಿ ತೋರಿಸಲು ಅದು ಬೇಕು.